ಎಂಜಲಾಗದ ರಸಾಯನಶಾಸ್ತ್ರ

ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯ ಜೂನ್ ತಿಂಗಳಿಂದ ಮಂಗಳೂರಿನ ಮಣ್ಣಗುಡ್ಡದ ಹೈಸ್ಕೂಲಿನ ಆರನೇ ಫಾರಮಿನಲ್ಲಿ ಮೇಲ್ಮಟ್ಟದ ರಸಾಯನಶಾಸ್ತ್ರವನ್ನು ಕಲಿಸತಕ್ಕದ್ದೆಂದು ಶಾಲೆಯ ಆಡಳಿತ ಸಮಿತಿಯು ಸರ್ವಾನುಮತದಿಂದ ಗೊತ್ತುಮಾಡಿತು. ರಸಾಯನಶಾಸ್ತ್ರದ ಕಡೆಯಿಂದ ಯಾವ ಆಕ್ಷೇಪವೂ ಬರಲಿಲ್ಲ.

ಈ ನಿರ್ಣಯದ ಹಿಂದೆ ವಿಜ್ಞಾನದ ಮೇಲಿನ ಪ್ರೀತಿ ಎಷ್ಟಿತ್ತೋ ಹೇಳಲಿಕ್ಕೆ ಬಾರದು. ಪಟ್ಟಣದ ಇನ್ನೊಂದು ಹೈಸ್ಕೂಲು ಹಿಂದಿನ ವರ್ಷವೇ ಅದನ್ನು ಆರಂಭಿಸಿಬಿಟ್ಟಿತ್ತು ಎಂಬುದು ಮಾತ್ರ ನಿಜ. ಸಮಿತಿಯ ಅಧ್ಯಕ್ಷರಾದ ವಕೀಲ ಪಡಿಯಾರರು ಉದ್ಘಾಟನೆಯ ಭಾಷಣದಲ್ಲಿ, “ನಮ್ಮ ಮಕ್ಕಳು ಇನ್ನು ಆಮ್ಲವನ್ನು ಪುಸ್ತಕದಲ್ಲಿ ಓದಿದರೆ ಸಾಲದು, ಕೈಯಲ್ಲಿ ಹಿಡಿಯಬೇಕು” ಎಂದರು. ಸಭೆ ಚಪ್ಪಾಳೆ ತಟ್ಟಿತು. ಆಮ್ಲವನ್ನು ಕೈಯಲ್ಲಿ ಹಿಡಿದರೆ ಏನಾಗುತ್ತದೆಂದು ಆ ಸಭೆಯಲ್ಲಿ ತಿಳಿದಿದ್ದವರು ನೋಣಯ್ಯ ಮಾಸ್ಟ್ರು ಒಬ್ಬರೇ. ಅವರೂ ಚಪ್ಪಾಳೆ ತಟ್ಟಿದರು. ಅವರದು ತಾತ್ಕಾಲಿಕ ಹುದ್ದೆಯಾಗಿತ್ತು.

ನೋಣಯ್ಯನವರು ಗದ್ದೆ ಉಳುವ ಮನೆತನದವರು. ಮನೆಯಲ್ಲಿ ಮೊತ್ತಮೊದಲು ಮದ್ರಾಸಿಗೆ ಹೋಗಿ ರಸಾಯನಶಾಸ್ತ್ರದಲ್ಲಿ ಬಿ.ಎ. ಮಾಡಿ ಬಂದವರು. ಅವರ ನೇಮಕದ ಷರತ್ತು ಸ್ಪಷ್ಟವಾಗಿತ್ತು. ಸೆಪ್ಟೆಂಬರಿನಲ್ಲಿ ಮದ್ರಾಸಿನಿಂದ ಇನ್‌ಸ್ಪೆಕ್ಟರು ಬರುತ್ತಾರೆ. ಪ್ರಯೋಗಗಳು ಕ್ರಮವಾಗಿ ನಡೆಯುವುದನ್ನು ಕಂಡು ಅವರು ಒಪ್ಪಿಗೆ ಕೊಟ್ಟರೆ ಕ್ಲಾಸೂ ಖಾಯಂ, ಮಾಸ್ಟ್ರೂ ಖಾಯಂ. ಕೊಡದಿದ್ದರೆ ಹುಡುಗರು ಚರಿತ್ರೆಯ ಕ್ಲಾಸಿಗೆ ಹೋಗತಕ್ಕದ್ದು, ಮಾಸ್ಟ್ರು ಸೋದರಮಾವನ ಗದ್ದೆಗೆ. ಗದ್ದೆಯ ಮೇಲೆ ಮಾಸ್ಟ್ರಿಗೆ ಸಿಟ್ಟಿರಲಿಲ್ಲ. ಆದರೆ ಅವರ ಆಸೆ ಬೇರೆಯೇ ಒಂದಿತ್ತು. ಅಳತೆ ಮಾಡಿದ ಕ್ಷಾರಕ್ಕೆ ಬಣ್ಣದ ಔಷಧಿ ಬೆರೆಸಿ ಮೇಲಿನಿಂದ ಹನಿಹನಿಯಾಗಿ ಆಮ್ಲ ಬಿಡುತ್ತ ಹೋದರೆ, ಯಾವುದೋ ಒಂದು ಹನಿ ಬಿದ್ದ ಕ್ಷಣದಲ್ಲಿ ಬಣ್ಣ ತಟ್ಟನೆ ಬದಲಾಗುತ್ತದೆ. ಆ ಒಂದು ಹನಿಯನ್ನು ಹುಡುಗರು ತಮ್ಮ ಕೈಯಾರೆ ಹಿಡಿಯಬೇಕು, ಹಿಡಿದು ನಿಲ್ಲಿಸಬೇಕು, ಲೆಕ್ಕ ಹೇಳಬೇಕು. ಅಷ್ಟಾದರೆ ತಾನು ಮದ್ರಾಸಿಗೆ ಹೋಗಿಬಂದದ್ದು ಸಾರ್ಥಕ ಎಂದು ಅವರು ನಂಬಿದ್ದರು.

ಕ್ಲಾಸು ಶುರುವಾಗುವ ಮೊದಲಿನ ಶನಿವಾರ ಅವರು ಹುಡುಗರನ್ನು ಸಿದ್ಧತೆಗಾಗಿ ಕರೆಸಿದರು. ಪಿಪೆಟ್ ಎಂಬ ಗಾಜಿನ ನಳಿಗೆಯನ್ನು ತೋರಿಸಿದರು. ಕೆಳತುದಿಯನ್ನು ದ್ರವದಲ್ಲಿ ಮುಳುಗಿಸಬೇಕು, ಮೇಲ್ತುದಿಯನ್ನು ಬಾಯಲ್ಲಿಟ್ಟು ಮೆಲ್ಲಗೆ ಹೀರಬೇಕು, ದ್ರವ ಗೆರೆಯ ತನಕ ಏರಿದ ಕೂಡಲೆ ಬೆರಳಿನಿಂದ ಮುಚ್ಚಬೇಕು.

“ಆಮ್ಲ ಕ್ಷಾರ ಎಲ್ಲ ಮತ್ತೆ. ಇವತ್ತು ಬರೀ ನೀರು,” ಎಂದು ಹೇಳಿ, ಮುಂದಿನ ಬೆಂಚಿನ ಯಾಹ್ಯಾನನ್ನು ಕರೆದರು. ಯಾಹ್ಯಾ ಬಂದರಿನ ವ್ಯಾಪಾರಿ ಮೊಯ್ದೀನಬ್ಬನವರ ಮೊಮ್ಮಗ. ಅವನು ಹೀರಿದ, ಗೆರೆಗೆ ಸರಿಯಾಗಿ ನಿಲ್ಲಿಸಿದ, ಒಂದು ಹನಿ ಆಚೆ ಈಚೆ ಇಲ್ಲ. ಮಾಸ್ಟ್ರಿಗೆ ಎದೆ ತುಂಬಿ ಬಂತು. ನಳಿಗೆಯನ್ನು ನಳ್ಳಿಯಲ್ಲಿ ತೊಳೆದು ಪಕ್ಕದವನಿಗೆ ಕೊಟ್ಟರು. ಪಕ್ಕದವನು ಪಡಿಯಾರರ ತಮ್ಮನ ಮಗ. ಅವನು ಅದನ್ನು ಮುಟ್ಟಲಿಲ್ಲ.

“ಸರ್, ಇದು ಯಾಹ್ಯಾ ಬಾಯಲ್ಲಿಟ್ಟದ್ದು.”

“ತೊಳ್ದಿದ್ದೇನೆ ಅಲ್ವಾ ಮಾರಾಯ.”

“ತೊಳ್ದದ್ದನ್ನು ನೋಡಿದ್ದೇನೆ ಸರ್. ಬಾಯಲ್ಲಿಟ್ಟದ್ದನ್ನೂ ನೋಡಿದ್ದೇನೆ.”

ನೀರನ್ನು ಕೂಡ ತುಟಿಗೆ ತಾಗಿಸದೆ ಮೇಲಿನಿಂದ ಹೊಯ್ದುಕೊಂಡು ಕುಡಿಯುವ ಊರು ಇದು. ಮದ್ರಾಸಿನಲ್ಲಿ ಯಾರು ಯಾರೋ ಹೀರಿಬಿಟ್ಟ ನಳಿಗೆಗಳನ್ನು ಹೀರಿ ಹೀರಿ ನೋಣಯ್ಯನವರಿಗೆ ಅದು ಮರೆತೇ ಹೋಗಿತ್ತು. ಉನ್ನತ ಶಿಕ್ಷಣ ಮನುಷ್ಯನನ್ನು ಮನೆಯಿಂದ ಅಷ್ಟು ದೂರ ಒಯ್ಯುತ್ತದೆ.

ಸೋಮವಾರ ತುರ್ತುಸಭೆ ಸೇರಿತು. ಅಧ್ಯಕ್ಷ ಪಡಿಯಾರರು, ಉಪಾಧ್ಯಕ್ಷ ಮೊಯ್ದೀನಬ್ಬನವರು, ಕೆಳಗಿನ ತರಗತಿಗಳ ಮೇಲ್ವಿಚಾರಕಿ ಒಲಿಂಡಾ ಟೀಚರು, ಮತ್ತು ಸಭೆಗಳಲ್ಲಿ ಎಂದೂ ಮಾತಾಡದ ಕೆಲವು ಸದಸ್ಯರು ಇದ್ದರು. ಮಾಸ್ಟ್ರನ್ನು ಬಾಗಿಲ ಹತ್ತಿರ ನಿಲ್ಲಿಸಲಾಯಿತು.

“ಮಾಸ್ಟ್ರೇ, ಈ ಶಾಸ್ತ್ರವನ್ನು ಬಾಯಿ ಹಾಕದೆ ಕಲೀಲಿಕ್ಕೆ ಆಗುವುದಿಲ್ವಾ?” ಪಡಿಯಾರರು ಕೇಳಿದರು.

“ಅಳತೆ ಸರಿ ಬರಬೇಕಾದ್ರೆ ಹೀರಲೇಬೇಕು ಸರ್.”

“ನಾವು ಕೋರ್ಟಿನಲ್ಲಿ ಎಷ್ಟೋ ಸತ್ಯಗಳನ್ನು ಹಾಗೆಯೇ ಅಳೀತೇವೆ. ಯಾರೂ ಬಾಯಿ ಹಾಕುವುದಿಲ್ಲ.”

ಒಲಿಂಡಾ ಟೀಚರು ಕನ್ನಡಕ ಸರಿಮಾಡಿಕೊಂಡರು. “ಡಾಕ್ಟ್ರ ಥರ್ಮಾಮೀಟರ್ ಉಂಟಲ್ಲ. ಅದು ಇಡೀ ಮಂಗಳೂರಿನ ಬಾಯಿಗೆ ಹೋಗಿ ಬರ್ತದೆ. ಅದಕ್ಕೆ ಯಾರೂ ತುರ್ತುಸಭೆ ಕರೆದದ್ದು ನಾನು ನೋಡ್ಲಿಲ್ಲ.”

“ಅದು ಜ್ವರ ಬಂದವರಿಗೆ, ಟೀಚರ್. ನಮ್ಮ ಹುಡುಗರು ಆರೋಗ್ಯವಾಗಿದ್ದಾರೆ.”

ಮೊಯ್ದೀನಬ್ಬನವರು ಹೇಳಿದರು: “ನಮ್ಮ ಮಕ್ಕಳದ್ದು ತೊಂದರೆ ಇಲ್ಲ. ನಾವು ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವವರು. ಎಲ್ರಿಗೂ ಒಂದು ನಳಿಗೆ ಕೊಟ್ರೆ ಸಾಕು. ಆದ್ರೆ ಮಾಸ್ಟ್ರೇ, ಆ ಬಣ್ಣ ಬದಲಿಸುವ ಔಷಧಿ ಉಂಟಲ್ಲ, ಅದರಲ್ಲಿ ಎಂತ ಉಂಟು?”

“ಅದು ಫಿನಾಲ್ಫ್ತಲೀನ್, ಸಾಹುಕಾರ್ರೇ. ಜರ್ಮನಿಯದ್ದು, ಸ್ಪಿರಿಟ್ಟಿನಲ್ಲಿ ಕರಗಿಸಿದ್ದು.”

“ಸ್ಪಿರಿಟ್ ಅಂದ್ರೆ?”

ಸುಳ್ಳು ಹೇಳುವ ಅಭ್ಯಾಸ ಮಾಸ್ಟ್ರಿಗೆ ಇರಲಿಲ್ಲ. “ಮದ್ಯಸಾರ,” ಎಂದರು.

ಪಡಿಯಾರರು ಮದ್ಯಪಾನ ನಿಷೇಧ ಸಂಘಕ್ಕೂ ಅಧ್ಯಕ್ಷರು. ಹೀಗಾಗಿ ಎರಡು ಬೇರೆ ಬೇರೆ ಧರ್ಮಗಳು ಒಂದೇ ಅಭಿಪ್ರಾಯಕ್ಕೆ ಬಂದ ಅಪರೂಪದ ಸಂದರ್ಭ ಅದಾಯಿತು. ಔಷಧಿಯ ಬಾಟ್ಲಿಯನ್ನು ಅಲ್ಲಿಯೇ ಕಪಾಟಿಗೆ ಹಾಕಿ ಬೀಗ ಜಡಿದರು. ಬೀಗದ ಕೈಯನ್ನು ಯಾರೂ ಇಟ್ಟುಕೊಳ್ಳಲು ಒಪ್ಪದ ಕಾರಣ ಒಲಿಂಡಾ ಟೀಚರು ತಮ್ಮ ಚೀಲದಲ್ಲಿ ಹಾಕಿಕೊಂಡರು.

ಇನ್ನು ತೊಳೆದ ನಳಿಗೆಯ ಪ್ರಶ್ನೆ. ಈ ಬಗ್ಗೆ ಪುರೋಹಿತರೊಬ್ಬರ ಅಭಿಪ್ರಾಯವನ್ನು ತರಿಸಲಾಗಿತ್ತು. ಎಂಜಲಾದ ಕಂಚು ಹುಣಸೆ ಮತ್ತು ಬೂದಿಯಿಂದ ಶುದ್ಧವಾಗುತ್ತದೆ, ಬೆಳ್ಳಿ ಬರೀ ನೀರಿನಿಂದ, ಮಣ್ಣಿನ ಪಾತ್ರೆಯಾದರೆ ಒಡೆದು ಬಿಸಾಡಬೇಕು. ಗಾಜಿನ ವಿಷಯ ಹಿರಿಯರು ಏನೂ ಹೇಳಿಹೋಗಿಲ್ಲ.

“ಮಾಸ್ಟ್ರೇ, ಗಾಜು ಎಂತದರಿಂದ ಮಾಡುವುದು?”

“ಮರಳಿನಿಂದ ಸರ್.”

“ಮರಳು ಮಣ್ಣಿನ ಜಾತಿಗೇ ಸೇರಿದ್ದಲ್ವಾ?”

“ಹಾಗೆ ನೋಡಿದ್ರೆ ಹೌದು.”

ಹೀಗೆ ವಿಜ್ಞಾನವೇ ಸಾಕ್ಷಿ ಹೇಳಿದ ಮೇಲೆ ವಿವಾದಕ್ಕೆ ಎಡೆಯಿರಲಿಲ್ಲ. ಒಮ್ಮೆ ಬಾಯಿಗೆ ತಾಗಿದ ಪಿಪೆಟ್ಟನ್ನು ಅಂದೇ ಒಡೆಯತಕ್ಕದ್ದು ಎಂದು ನಿರ್ಣಯವಾಯಿತು. ಯಾಹ್ಯಾ ಹೀರಿದ ನಳಿಗೆಯನ್ನು ಶಾಲೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ಯಥೋಚಿತವಾಗಿ ಒಡೆದರು. ಯಾಹ್ಯಾ ನೋಡುತ್ತ ನಿಂತಿದ್ದ.

“ಸರ್, ನಾನು ಸರಿಯಾಗಿ ಹೀರಿದ್ದೆ ಅಲ್ವಾ?”

“ಸರಿಯಾಗಿಯೇ ಹೀರಿದ್ದಿ. ಅದೇ ತೊಂದರೆ ಆದದ್ದು.”

ಪ್ರತಿ ಹುಡುಗನಿಗೆ ಪ್ರತಿ ದಿನ ಒಂದು ಹೊಸ ಪಿಪೆಟ್ ಬೇಕೆಂದು ಮದ್ರಾಸಿನ ಕಂಪೆನಿಗೆ ಬರೆದಾಗ, ಶಾಲೆಯ ನೆಲ ಬಹಳ ಜಾರುತ್ತದೆಯೇ ಎಂದು ಅವರು ಕಾಳಜಿಯಿಂದ ವಿಚಾರಿಸಿದರು. ನೋಣಯ್ಯನವರು ಸೋಲಲಿಲ್ಲ. ಹಂಪನಕಟ್ಟೆಯ ಔಷಧಿ ಅಂಗಡಿಯಿಂದ ಶಿಶುಗಳ ಹಾಲಿನ ಬಾಟ್ಲಿಗೆ ಹಾಕುವ, ಇನ್ನೂ ತೂತು ಮಾಡದ ರಬ್ಬರಿನ ತೊಟ್ಟು ಒಂದನ್ನು ತಂದು ನಳಿಗೆಯ ತಲೆಗೆ ಸಿಕ್ಕಿಸಿ, ಬೆರಳಿನಿಂದ ಅಮುಕಿ ಬಿಟ್ಟು, ಬಾಯಿ ಹಾಕದೆಯೇ ನೀರೇರಿಸಿ ಸಮಿತಿಗೆ ತೋರಿಸಿದರು. ಅದು ನಿಜವಾಗಿಯೂ ಕೆಲಸ ಮಾಡಿತು. ಸಮಿತಿ ಅದನ್ನು ಬಹಳ ಹೊತ್ತು ನೋಡಿತು.

“ಮಾಸ್ಟ್ರೇ,” ಪಡಿಯಾರರು ಮೆಲ್ಲಗೆ ಕೇಳಿದರು, “ಮೀಸೆ ಬಂದ ಹುಡುಗರ ಕೈಯಲ್ಲಿ ಇದನ್ನು ಕೊಡುವುದಾ? ನಾಳೆ ಅವರಿಗೆ ಹೆಣ್ಣು ಕೊಡುವವರು ಯಾರು?”

ತೊಟ್ಟನ್ನು ಮಾಸ್ಟ್ರಿಗೆ ಹಿಂದಿರುಗಿಸಲಾಯಿತು. ಮಕ್ಕಳಿಲ್ಲದ ಮಾಸ್ಟ್ರ ಅಂಗಿಯ ಜೇಬಿನಿಂದ ಅದು ಇಣುಕುವುದನ್ನು ಕಂಡು ದಾರಿಯಲ್ಲಿ ಇಬ್ಬರು ಶುಭಾಶಯ ಹೇಳಿದರು.

ಕೊನೆಗೆ ದಾರಿ ತೋರಿಸಿದವರು ಮೊಯ್ದೀನಬ್ಬನವರು. ಮುಂದಿನ ಸಭೆಯಲ್ಲಿ ಅವರು ಬಂದರಿಗೆ ಹೊರಡುವ ಅವಸರದಲ್ಲಿದ್ದರು. “ನಿಮ್ಮಲ್ಲಿ ಮದುವೆಗೆ ಊರೆಲ್ಲ ಬರ್ತದಲ್ಲ ಪಡಿಯಾರ್ರೇ. ಒಬ್ಬ ಮುಟ್ಟಿದ್ದು ಒಬ್ಬನಿಗೆ ಆಗುವುದಿಲ್ಲ. ಆಗ ಎಂತ ಮಾಡ್ತೀರಿ?”

“ಅಡಿಗೆಗೆ ಭಟ್ರನ್ನು ಕರೀತೇವೆ. ಭಟ್ರ ಕೈಯದ್ದು ಎಲ್ರಿಗೂ ಆಗ್ತದೆ.”

“ಹಾಗಾದ್ರೆ ಕರೀರಿ ಮಾರಾಯ್ರೆ.”

ಅವರು ಅದನ್ನು ತಮಾಷೆಗೆ ಹೇಳಿರಬಹುದು. ಆದರೆ ಸಮಿತಿಯ ನಡವಳಿಯಲ್ಲಿ ತಮಾಷೆಗೆ ಪ್ರತ್ಯೇಕ ಕಲಮು ಇಲ್ಲದ ಕಾರಣ ಅದು ನಿರ್ಣಯವೆಂದೇ ದಾಖಲಾಯಿತು.

ದೊಡ್ಡ ದೊಡ್ಡ ಸಮಾರಂಭಗಳ ಅಡಿಗೆಗೆ ಹೆಸರುವಾಸಿಯಾದ ತಿಮ್ಮಣ್ಣ ಭಟ್ರು ಒಂದು ಬೆಳಿಗ್ಗೆ ಪ್ರಯೋಗಶಾಲೆಗೆ ಬಂದರು. ಹೆಗಲಲ್ಲಿ ಒದ್ದೆ ಪಾಣಿಪಂಚೆ, ಕೈಯಲ್ಲಿ ಸೌಟು. ಸುತ್ತ ನೋಡಿ, “ಅಡಿಗೆಕೋಣೆ ಸ್ವಲ್ಪ ಇಕ್ಕಟ್ಟಾಯ್ತು. ಇರ್ಲಿ. ಎಲೆ ಎಷ್ಟು?” ಎಂದು ಕೇಳಿದರು.

ಮಾಸ್ಟ್ರು ಪಿಪೆಟ್ಟಿನ ಉಪಯೋಗವನ್ನು ವಿವರಿಸಿದರು. ಭಟ್ರು ಒಂದು ಹೆಜ್ಜೆ ಹಿಂದೆ ಸರಿದರು.

“ನಾನು ಬಾಯಿ ಹಾಕುವುದಾ? ಬಾಯಿ ಹಾಕಿದ್ರೆ ನಂದೂ ಎಂಜಲೇ. ಎಂಜಲಿಗೆ ಜಾತಿ ಇಲ್ಲ ಮಾಸ್ಟ್ರೇ.”

ಬಾಗಿಲಲ್ಲಿ ನಿಂತಿದ್ದ ಒಲಿಂಡಾ ಟೀಚರು, “ಸದ್ಯ, ಈ ಕಟ್ಟಡದಲ್ಲಿ ಜಾತಿ ಇಲ್ಲದ್ದು ಒಂದಾದ್ರೂ ಉಂಟಲ್ಲ,” ಎಂದರು.

ಭಟ್ರು ತಮ್ಮದೇ ಕ್ರಮವನ್ನು ಗೊತ್ತುಪಡಿಸಿದರು. ಕ್ಷಾರವನ್ನು ಸೌಟಿನಿಂದ ಅಳೆಯುವುದು. ಆಮ್ಲವನ್ನು ಗಿಂಡಿಯಿಂದ ಬಡಿಸುವುದು. ಗಿಂಡಿಯ ಸಪೂರ ಬಾಯಿಯಿಂದ ನೀರು ಮೇಲಿನಿಂದ ಬೀಳುವುದರಿಂದ ಯಾರಿಗೂ ತಾಗುವ ಪ್ರಶ್ನೆಯಿಲ್ಲ. ಬಣ್ಣಕ್ಕೆ ಜರ್ಮನಿಯ ಔಷಧಿ ಬೇಡ, ಅರಿಶಿನ ಸಾಕು, ಕ್ಷಾರಕ್ಕೆ ಬಿದ್ದರೆ ಕೆಂಪಾಗುತ್ತದೆ. ಅರಿಶಿನವು ಎಲ್ಲ ಮತದವರ ಸಾರಿನಲ್ಲಿಯೂ ಇರುವುದರಿಂದ ಅದಕ್ಕೆ ಸರ್ವಾನುಮತದ ಒಪ್ಪಿಗೆ ಸಿಕ್ಕಿತು. ಅರಿಶಿನದ ಗುಣ ಮಾಸ್ಟ್ರಿಗೂ ಗೊತ್ತಿದ್ದದ್ದೇ, ಅಷ್ಟರ ಮಟ್ಟಿಗೆ ಅವರೂ ಸಂತೋಷಪಟ್ಟರು.

ಆ ಮೇಲೆ ಭಟ್ರು ಸೀಮೆಸುಣ್ಣದಿಂದ ಬಾಗಿಲಿಗೆ ಅಡ್ಡ ಒಂದು ಗೆರೆ ಎಳೆದರು.

“ಇದು ಎಂತಕ್ಕೆ?” ಮಾಸ್ಟ್ರು ಕೇಳಿದರು.

“ಅಡಿಗೆ ಆಗುವಲ್ಲಿಗೆ ನೀವು ಬರ್ಲಿಕ್ಕಿಲ್ಲ ಅಲ್ವಾ. ನೀವು ಒಕ್ಕಲು ಮನೆಯವರು. ಬೇಜಾರು ಮಾಡ್ಬೇಡಿ, ನಿಮ್ಮ ಮಾವನ ಮನೆ ಮದುವೆಯಲ್ಲೂ ನಾನು ಹೀಗೇ ಗೆರೆ ಎಳೆದದ್ದು.”

“ಭಟ್ರೇ, ನಾನು ಇಲ್ಲಿಯ ಕೆಮಿಸ್ಟ್ರಿ ಮಾಸ್ಟ್ರು.”

“ಹೌದು, ಹೊರಗಿನಿಂದ ಹೇಳಿ. ಸ್ವರಕ್ಕೆ ಮೈಲಿಗೆ ಇಲ್ಲ.”

ಮರುದಿನ ಸೂಚನಾ ಫಲಕದಲ್ಲಿ ಈ ಕೆಳಗಿನ ಪ್ರಕಟಣೆ ಕಾಣಿಸಿತು:

“ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಕೈಕಾಲು ತೊಳೆದು, ಅಂಗಿ ಕಳಚಿ, ಬಾಳೆಎಲೆಯೊಂದಿಗೆ ಹಾಜರಾಗತಕ್ಕದ್ದು. ಬೀಕರನ್ನು ಎಲೆಯ ನಡುವೆ ಇಡತಕ್ಕದ್ದು. ಬಡಿಸುವ ಮೊದಲು ಪ್ರಯೋಗವನ್ನು ಆರಂಭಿಸಕೂಡದು. ಪಂಕ್ತಿಯ ಕೊನೆಯವನ ಪ್ರಯೋಗ ಮುಗಿಯುವ ಮೊದಲು ಯಾರೂ ಏಳಕೂಡದು. ರುಚಿಯ ಬಗ್ಗೆ ಟೀಕೆ ಸಲ್ಲದು.”

ಪಂಕ್ತಿಗಳ ಏರ್ಪಾಡು ಸಮಾನತೆಯ ತತ್ವದ ಮೇಲೆ ನಡೆಯಿತು, ಅಂದರೆ ಪ್ರತಿಯೊಂದು ಪಂಗಡಕ್ಕೂ ಬೇರೆ ಬೇರೆ ಜಾಗ ಸಮಾನವಾಗಿ ದೊರೆಯಿತು. ಕೆಲವರಿಗೆ ಗೆರೆಯ ಒಳಗೆ, ಒಕ್ಕಲು ಮಕ್ಕಳಿಗೆ ಗೆರೆಯ ಹೊರಗಿನ ನಡುಕೋಣೆಯಲ್ಲಿ, ಕ್ರಿಸ್ತುವರ ಮಕ್ಕಳಿಗೆ ಪೂರ್ವದ ಜಗಲಿಯಲ್ಲಿ ಮೇಜು ಕುರ್ಚಿ ಹಾಕಿ, ಯಾಹ್ಯಾನಂಥ ಬ್ಯಾರಿ ಮಕ್ಕಳಿಗೆ ಪಶ್ಚಿಮದ ಜಗಲಿಯಲ್ಲಿ ಚಾಪೆ ಹಾಸಿ ನಡುವೆ ಎಲ್ಲರಿಗೂ ಸೇರಿ ಒಂದೇ ದೊಡ್ಡ ಬೀಕರು. ಭಟ್ರು ಒಳಗಿನವರಿಗೆ ತಾವೇ ಬಡಿಸುವರು, ಹೊರಗಿನವರಿಗೆ ಕಿಟಕಿಯಿಂದ ಕೈ ನೀಡಿ ಮೇಲಿನಿಂದ ಹೊಯ್ಯುವರು. ನೋಣಯ್ಯ ಮಾಸ್ಟ್ರಿಗೆ ಹೊಸ್ತಿಲ ಹತ್ತಿರ ಜಾಗವಾಯಿತು. ಅಲ್ಲಿಂದ ನಾಲ್ಕು ಪಂಕ್ತಿಗಳೂ ಚೆನ್ನಾಗಿ ಕಾಣುತ್ತಿದ್ದವು, ಒಂದೂ ಕೈಗೆ ಎಟಕುತ್ತಿರಲಿಲ್ಲ.

ಪ್ರಯೋಗ ಹೀಗೆ ನಡೆಯುವುದು. ಮೊದಲು ಎಲೆಯ ಎಡತುದಿಗೆ ಉಪ್ಪು. ಈ ಪ್ರಯೋಗಕ್ಕೆ ಉಪ್ಪಿನ ಅಗತ್ಯವಿಲ್ಲವೆಂದು ಮಾಸ್ಟ್ರು ಹೊಸ್ತಿಲಿನಿಂದ ಹೇಳಿದರು. ಉಪ್ಪಿಲ್ಲದೆ ಎಲೆ ಹಾಕುವ ಕ್ರಮ ತಮಗೆ ಗೊತ್ತಿಲ್ಲವೆಂದು ಭಟ್ರು ಒಳಗಿನಿಂದ ಹೇಳಿದರು. ಆ ಮೇಲೆ ಬೀಕರಿಗೆ ಒಂದು ಸೌಟು ಕ್ಷಾರ, ಚಿಟಿಕೆ ಅರಿಶಿನ. ಬೀಕರು ಕೆಂಪಾಗುತ್ತಲೂ ಭಟ್ರು ಗಿಂಡಿ ಎತ್ತಿಕೊಂಡು ಸುತ್ತು ಬರುವರು. ಕೆಂಪು ಹೋಗಿ ಹಳದಿ ಬರುವ ಹನಿಗೆ ನಿಲ್ಲಿಸಬೇಕೆಂಬುದು ಶಾಸ್ತ್ರ. ಆದರೆ ಭಟ್ರ ಶಾಸ್ತ್ರದಲ್ಲಿ ಉಪಚಾರ ಎಂಬುದೊಂದಿತ್ತು.

“ಸಾಕು ಭಟ್ರೇ, ಹಳದಿ ಆಯ್ತು.”

“ಸಂಕೋಚ ಎಂತಕ್ಕೆ? ಒಂದು ಚೂರು. ಬೆಳೆಯುವ ಮಕ್ಕಳು.”

ಹುಡುಗ ಎರಡು ಕೈಗಳನ್ನೂ ಬೀಕರಿನ ಮೇಲೆ ಅಡ್ಡ ಹಿಡಿದ ಮೇಲೆಯೇ ಅವರು ಮುಂದೆ ಹೋಗುವುದು. ಕೈ ಅಡ್ಡ ಹಿಡಿಯುವುದೆಂದರೆ ಆಮ್ಲಕ್ಕೆ ಕೈ ಹಿಡಿಯುವುದು. ಹೀಗೆ ಪಡಿಯಾರರ ಭಾಷಣದ ಮಾತೂ ನೆರವೇರಿತು. ಆಮ್ಲ ತೆಳುವಾಗಿದ್ದುದರಿಂದ ಹುಡುಗರ ಅಂಗೈ ತುರಿಸಿತೇ ಹೊರತು ಬೇರೇನೂ ಆಗಲಿಲ್ಲ. ಮೂರು ಸುತ್ತು ಆದ ಕೂಡಲೆ ಭಟ್ರು ಗಿಂಡಿ ಕೆಳಗಿಡುವರು, ಒಬ್ಬ ಹುಡುಗ ಊಟ ಮುಗಿದಾಗಿನಂತೆ ಗೋವಿಂದ ಹೇಳುವನು, ಎಲ್ಲರೂ ಏಳುವರು.

“ಭಟ್ರೇ, ಆ ಕೊನೆಯ ಹುಡುಗನದ್ದು ಇನ್ನೂ ಕೆಂಪುಂಟು,” ಮಾಸ್ಟ್ರು ಹೊಸ್ತಿಲಿನಿಂದ ಕೂಗಿದರು.

“ಮನೆಗೆ ಹೋಗುವಾಗ ಹಳದಿ ಆಗ್ತದೆ.”

“ಈಚೆಯವನದ್ದು ಯಾವಾಗಲೋ ಹಳದಿ ಆಗಿ ಹೋಗಿತ್ತು.”

“ಅವನಿಗೆ ಹಸಿವು ಕಡಿಮೆ.”

ಹುಡುಗರು ಉತ್ತರ ಬರೆದರು. ಎಷ್ಟು ಆಮ್ಲ ಬೇಕಾಯಿತು ಎಂಬ ಪ್ರಶ್ನೆಗೆ ಎಲ್ಲರದ್ದೂ ಒಂದೇ ಉತ್ತರ: ಮೂರು ಸುತ್ತು.

ಊರಿನಲ್ಲಿ ಕ್ಲಾಸಿಗೆ ಒಳ್ಳೆಯ ಹೆಸರು ಬಂತು. ಆಮ್ಲದಿಂದ ಭಟ್ರ ಹಿತ್ತಾಳೆ ಗಿಂಡಿ ಬಂಗಾರದಂತೆ ಹೊಳೆಯತೊಡಗಿದ್ದನ್ನು ಕಂಡು ಮಣ್ಣಗುಡ್ಡದ ತಾಯಂದಿರು ಚೌತಿಯ ಮೊದಲು ದೀಪ, ತಂಬಿಗೆ, ಆರತಿ ತಟ್ಟೆಗಳನ್ನು ಮಕ್ಕಳ ಕೈಯಲ್ಲಿ ಶಾಲೆಗೆ ಕಳಿಸಿದರು. ರಸಾಯನಶಾಸ್ತ್ರದಿಂದ ಮನೆಗೆ ಇಷ್ಟು ಉಪಯೋಗ ಉಂಟೆಂದು ತಿಳಿದಿದ್ದರೆ ದೊಡ್ಡ ಮಗನಿಗೂ ಅದನ್ನೇ ಓದಿಸುತ್ತಿದ್ದೆವೆಂದು ಒಬ್ಬಿಬ್ಬರು ಪೇಚಾಡಿದರು.

ಸಂಜೆ ಜೆಪ್ಪುವಿನ ಬಾಡಿಗೆ ಮನೆಗೆ ಮುಟ್ಟಿದಾಗ ಹೆಂಡತಿ ನಳಿನಾಕ್ಷಿ ಮಾಸ್ಟ್ರ ಮುಖ ನೋಡಿ ಕೇಳಿದಳು: “ಇವತ್ತು ಎಂತ ಕಲಿಸಿದ್ರಿ?”

“ಉಪ್ಪು ಎಲೆಯ ಎಡತುದಿಗೆ.”

“ಅದು ನಂಗೂ ಗೊತ್ತುಂಟು. ಹಾಗಾದ್ರೆ ನಾನು ಕೆಮಿಸ್ಟ್ರಿ ಪಾಸಾ?”

“ಫಸ್ಟ್ ಕ್ಲಾಸ್.” ಮಾಸ್ಟ್ರು ನಗಲಿಲ್ಲ. “ನಳಿನಾ, ನಂಗೆ ಒಂದೇ ಒಂದು ಸಲ ಅದನ್ನು ಸರಿಯಾಗಿ ಮಾಡ್ಬೇಕು. ಇನ್‌ಸ್ಪೆಕ್ಟರ್ರ ಎದುರು, ಹುಡುಗರ ಎದುರು. ನಳಿಗೆ ಬಾಯಲ್ಲಿಟ್ಟು ಹೀರಿ ತೋರಿಸ್ತೇನೆ. ಆ ಮನುಷ್ಯ ಓದಿದವರು, ಕಂಡ್ರೆ ಗೊತ್ತಾಗ್ತದೆ.”

“ಗೊತ್ತಾಗದಿದ್ರೆ?”

“ಗದ್ದೆ ಉಂಟಲ್ಲ.”

“ಗದ್ದೆಗೆ ಹೋಗ್ಲಿಕ್ಕೆ ನಂಗೆ ಬೇಜಾರಿಲ್ಲ. ನಿಮ್ಮದೇ ಹೆದರಿಕೆ. ಹೋದ ವರ್ಷ ನೀವು ಎತ್ತನ್ನು ಹೂಡಿದ್ದಾ, ಎತ್ತು ನಿಮ್ಮನ್ನು ಹೂಡಿದ್ದಾ ಎಂದು ನಿಮ್ಮ ಮಾವ ಇನ್ನೂ ಕೇಳ್ತಾರೆ.” ಅವಳು ಗಂಜಿಯ ಬಟ್ಟಲನ್ನು ಮುಂದಿಟ್ಟಳು. “ಇರ್ಲಿ. ಕೆಲಸ ಹೋಗುವುದೇ ಆದ್ರೆ ಚೆಂದ ಹೀರಿ. ಅರ್ಧಂಬರ್ಧ ಹೀರಿ ಕೆಲಸ ಕಳ್ಕೊಳ್ಬೇಡಿ.”

ಸೆಪ್ಟೆಂಬರಿನಲ್ಲಿ ಇನ್‌ಸ್ಪೆಕ್ಟರು ಬಂದರು. ಕುಂಭಕೋಣದ ಕಡೆಯವರು, ಕೋಟು, ಟೈ, ಕೈಯಲ್ಲಿ ಬೆತ್ತ. ಪಡಿಯಾರರು ಹಾರ ಹಾಕಿ ಪ್ರಯೋಗಶಾಲೆಗೆ ಕರೆತಂದರು. ಬಾಗಿಲಲ್ಲಿ ಎಲೆಗಳ ಸಾಲನ್ನು ಕಂಡ ಕೂಡಲೆ ಇನ್‌ಸ್ಪೆಕ್ಟರು ಮಾತಿಲ್ಲದೆ ಬೂಟು ಕಳಚಿದರು. ಕೋಟನ್ನೂ ಕಳಚಿ ಜವಾನನ ಕೈಗೆ ಕೊಟ್ಟರು. ಗೆರೆ ದಾಟಿ, ಒಳಗಿನ ಮೊದಲ ಮಣೆಯಲ್ಲಿ ಚಕ್ಕಳಮಕ್ಕಳ ಕೂತರು. ಭಟ್ರು ಅವರ ಎಲೆಗೂ ಉಪ್ಪು ಬಡಿಸಿದರು.

ನೋಣಯ್ಯನವರು ಹೊಸ್ತಿಲ ಹತ್ತಿರ ಪುಟ್ಟ ಮೇಜಿನ ಮೇಲೆ ತಮ್ಮ ಸರಂಜಾಮನ್ನು ಸಿದ್ಧಮಾಡಿಕೊಂಡಿದ್ದರು: ಒಂದು ಹೊಸ ಪಿಪೆಟ್, ಹನಿಹನಿಯಾಗಿ ಬಿಡುವ ಗೆರೆಗಳ ಉದ್ದ ನಳಿಗೆ, ಭಟ್ರ ಪಾತ್ರೆಯಿಂದಲೇ ತೆಗೆದಿಟ್ಟ ಕ್ಷಾರ, ಅದೇ ಆಮ್ಲ, ಅದೇ ಅರಿಶಿನ. ಒಳಗೆ ಭಟ್ರ ಗಿಂಡಿ ಮೊದಲ ಸುತ್ತು ಹೊರಟಿತು. ಮಾಸ್ಟ್ರು ಪಿಪೆಟ್ಟನ್ನು ತುಟಿಗೇರಿಸಿದರು.

ಪಡಿಯಾರರ ಮುಖದ ಬಣ್ಣ ಯಾವ ಹನಿಯೂ ಬೀಳದೆ ಬದಲಾಯಿತು. “ಮಾಸ್ಟ್ರೇ, ಎಂತ ಮಾಡ್ತಾ ಇದ್ದೀರಿ?”

ಬಾಯಲ್ಲಿ ನಳಿಗೆ ಇದ್ದುದರಿಂದ ಮಾಸ್ಟ್ರು ಉತ್ತರಿಸಲಿಲ್ಲ. ಕ್ಷಾರ ಗೆರೆಯ ತನಕ ಏರಿತು, ಬೆರಳು ಮುಚ್ಚಿತು. ಜಗಲಿಯ ಚಾಪೆಯಿಂದ ಯಾಹ್ಯಾ ಕತ್ತು ಉದ್ದ ಮಾಡಿ ನೋಡಿದ. ಮಾಸ್ಟ್ರು ಆಮ್ಲ ಬಿಟ್ಟರು. ಹನಿ, ಹನಿ, ಹನಿ. ಕೆಂಪು ನ್ಯಾಯವಾಗಿ, ನಿಧಾನವಾಗಿ ಕಳೆಗುಂದುತ್ತ ಬಂತು. ಒಂದು ಹನಿ ಬಿದ್ದಿತು, ಕೆಂಪು ಇತ್ತು. ಮತ್ತೊಂದು ಹನಿ ಬಿದ್ದಿತು, ಇರಲಿಲ್ಲ. ಮಾಸ್ಟ್ರು ಅಲ್ಲಿಗೆ ನಿಲ್ಲಿಸಿದರು. ಅಷ್ಟು ಹೊತ್ತು ಅವರು ಉಸಿರಾಡಿರಲಿಲ್ಲ.

ಅದೇ ಹೊತ್ತಿಗೆ ಒಳಗೆ ಗೋವಿಂದ ಕೇಳಿಸಿತು, ಪಂಕ್ತಿಗಳು ಎದ್ದವು. ಇನ್‌ಸ್ಪೆಕ್ಟರು ಕೈ ತೊಳೆದು ಹುಡುಗರ ಉತ್ತರಗಳನ್ನು ಒಂದೊಂದಾಗಿ ನೋಡಿದರು. ಮೂರು ಸುತ್ತು. ಮೂರು ಸುತ್ತು. ಮೂರು ಸುತ್ತು. ಪೂರ್ವದ ಜಗಲಿಯಲ್ಲಿಯೂ ಮೂರು, ಪಶ್ಚಿಮದ ಜಗಲಿಯಲ್ಲಿಯೂ ಮೂರು. ಅವರ ಹುಬ್ಬು ಮೇಲೇರಿತು.

“ನಾನು ಈ ಪ್ರಾಂತದ ಎಷ್ಟೋ ಶಾಲೆಗಳನ್ನು ನೋಡಿದ್ದೇನೆ,” ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. “ಎಲ್ಲಿ ಹೋದರೂ ಒಬ್ಬ ಹುಡುಗನ ಉತ್ತರ ಇನ್ನೊಬ್ಬನದಕ್ಕೆ ತಾಳೆಯಾಗುವುದಿಲ್ಲ. ದಶಾಂಶದಲ್ಲಿ ಕಚ್ಚಾಡುತ್ತಾರೆ. ಇಂಥ ಏಕಮತವನ್ನು ಕಂಡದ್ದು ಇದೇ ಮೊದಲು.” ಆ ಮೇಲೆ ಹೊಸ್ತಿಲ ಕಡೆಗೆ ತಿರುಗಿದರು. “ತಮ್ಮ ಉತ್ತರ ಎಷ್ಟು ಬಂತು, ಮಾಸ್ಟರ್?”

“ಹದಿನೆಂಟು ಪಾಯಿಂಟ್ ಆರು ಸಿ.ಸಿ., ಸರ್.”

“ಹದಿನೆಂಟು?” ಇನ್‌ಸ್ಪೆಕ್ಟರು ಹುಡುಗರ ಹಾಳೆಗಳನ್ನು ಇನ್ನೊಮ್ಮೆ ತಿರುವಿದರು. “ಇಡೀ ಕ್ಲಾಸು ಮೂರು ಎನ್ನುತ್ತದೆ. ಹದಿನೆಂಟು ಎನ್ನುವವರು ತಾವೊಬ್ಬರೇ. ಅದರಲ್ಲೂ ಒಂದು ಚಿಲ್ಲರೆ ಉಂಟು.”

“ಸರ್, ಬಣ್ಣ ಬದಲಾದ ಆ ಒಂದು ಹನಿ—”

“ಅರ್ಥವಾಯಿತು. ಬೇಸರ ಬೇಡ.” ಇನ್‌ಸ್ಪೆಕ್ಟರು ಗೆರೆಯ ಆಚೆಯಿಂದಲೇ ಕರುಣೆಯಿಂದ ನೋಡಿದರು. “ನಾನೂ ಮದ್ರಾಸಿನ ಕಾಲೇಜಿನಲ್ಲಿ ಆ ನಳಿಗೆಯನ್ನು ಹೀರಿದವನೇ. ನನಗೂ ಹೀಗೇ ಏನೇನೋ ಬರುತ್ತಿತ್ತು. ಇರಲಿ. ಆದರೆ ಬಡಿಸುವ ಮೊದಲು ಬಾಯಿ ಹಾಕಬಾರದಿತ್ತು.”

ಒಲಿಂಡಾ ಟೀಚರು ಚೀಲದೊಳಗಿನ ಬೀಗದ ಕೈಯನ್ನು ಸುಮ್ಮನೆ ತಿರುಗಿಸುತ್ತಿದ್ದರು. ಇನ್‌ಸ್ಪೆಕ್ಟರು ಮೇಜಿನ ಎದುರು ಕೂತು ವರದಿ ಬರೆದು, ಎಲ್ಲರೂ ಕೇಳುವ ಹಾಗೆ ಓದಿದರು:

“ಈ ಶಾಲೆಯ ವಿದ್ಯಾರ್ಥಿಗಳ ಪ್ರಯೋಗಫಲವು ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೆಯಾಗಿದೆ. ಅಧ್ಯಾಪಕರ ಫಲವು ಅದಕ್ಕೆ ಹೊಂದಿಕೆಯಾಗಿಲ್ಲ. ಶಿಷ್ಯರು ಗುರುವನ್ನು ಇಷ್ಟು ಸ್ವಲ್ಪ ಕಾಲದಲ್ಲಿ ಮೀರಿಸಿರುವುದು ಗುರುವಿನ ಬೋಧನೆಯ ಶ್ರೇಷ್ಠತೆಗೆ ಸಾಕ್ಷಿ. ಆದುದರಿಂದ ಕ್ಲಾಸಿಗೆ ಒಪ್ಪಿಗೆ ಕೊಡಲಾಗಿದೆ, ಮತ್ತು ಸದರಿ ಅಧ್ಯಾಪಕರನ್ನು ಖಾಯಂ ಮಾಡಬೇಕೆಂದು ಬಲವಾಗಿ ಶಿಫಾರಸು ಮಾಡಲಾಗಿದೆ. ಒಂದೇ ಕೊರತೆ: ಕೊನೆಯಲ್ಲಿ ಮಜ್ಜಿಗೆ ಇಲ್ಲ. ಅದೂ ಒಂದು ಆಮ್ಲವಾದುದರಿಂದ ಮುಂದಿನ ವರ್ಷದ ಪಾಠಪಟ್ಟಿಯಲ್ಲಿ ಸೇರಿಸುವುದು.”

ಚಪ್ಪಾಳೆ ಬಿತ್ತು. ಪಡಿಯಾರರು ಮಾಸ್ಟ್ರ ಕೈ ಕುಲುಕಿದರು. ಮೊಯ್ದೀನಬ್ಬನವರು, “ನಾನು ಆವತ್ತೇ ಹೇಳಿದ್ದೆ, ಭಟ್ರನ್ನು ಕರೀರಿ ಎಂದು,” ಎಂದು ನೆನಪಿಸಿದರು. ಮಾಸ್ಟ್ರು ಹೀರಿದ ಪಿಪೆಟ್ಟನ್ನು ಹಲಸಿನ ಮರದ ಬುಡದಲ್ಲಿ ಒಡೆದರು. ಈ ಸಲ ಒಡೆಯುವ ಕೆಲಸವನ್ನು ಮಾಸ್ಟ್ರಿಗೇ ಗೌರವದಿಂದ ವಹಿಸಲಾಯಿತು.

ಜೆಪ್ಪುವಿನಲ್ಲಿ ನಳಿನಾಕ್ಷಿ ಬಾಗಿಲಲ್ಲೇ ಕಾಯುತ್ತಿದ್ದಳು. “ಚೆಂದ ಹೀರಿದ್ರಾ?”

“ಚೆಂದ ಹೀರಿದೆ.”

“ಕೆಲಸ?”

“ಖಾಯಂ.”

“ಹಾಗಾದ್ರೆ ಅವರಿಗೆ ಗೊತ್ತಾಯ್ತಲ್ಲ.”

ನೋಣಯ್ಯನವರು ಸ್ವಲ್ಪ ಯೋಚಿಸಿ, “ಒಟ್ಟಿನಲ್ಲಿ ಗೊತ್ತಾಯ್ತು,” ಎಂದರು. ಎರಡು ಬಟ್ಟಲು ಗಂಜಿ ಉಂಡರು. ಮಾವನಿಗೆ ಪತ್ರ ಬರೆದು, ಎತ್ತುಗಳಿಗೆ ಇನ್ನು ನಿಶ್ಚಿಂತೆ ಎಂದು ತಿಳಿಸಿದರು.

ಯಾಹ್ಯಾ ಒಳ್ಳೆಯ ದರ್ಜೆಯಲ್ಲಿ ಪಾಸಾಗಿ ಮದ್ರಾಸಿನ ಕಾಲೇಜಿಗೆ ಸೇರಿದ. ಅಲ್ಲಿಂದ ಮಾಸ್ಟ್ರಿಗೆ ಕಾಗದ ಬರೆದ. ಇಲ್ಲಿ ಎಲೆಯೂ ಇಲ್ಲ, ಉಪ್ಪೂ ಇಲ್ಲ, ಪ್ರತಿಯೊಬ್ಬನೂ ಒಂದೊಂದು ನಳಿಗೆ ಹಿಡಿದುಕೊಂಡು ತನ್ನ ಪಾಡಿಗೆ ತಾನು ಹೀರುತ್ತಾನೆ, ಒಬ್ಬನ ಉತ್ತರ ಇನ್ನೊಬ್ಬನಿಗೆ ತಾಳೆಯಾಗುವುದಿಲ್ಲ, ಶಿಕ್ಷಣದ ಮಟ್ಟ ಬಹಳ ಕೆಳಗೆ ಉಂಟು.

ಮುಂದಿನ ಜೂನಿನಲ್ಲಿ ಹೊಸ ಹುಡುಗರು ಬಂದರು. ಖಾಯಂ ಆದ ಮೇಲೆ ಮಾಸ್ಟ್ರಿಗೆ ಹೊಸ್ತಿಲ ಹತ್ತಿರ ಕೈಗಳುಳ್ಳ ಕುರ್ಚಿ ಹಾಕಿಸಿದ್ದರು. ಪಿಪೆಟ್ಟುಗಳು ಗಾಜಿನ ಕಪಾಟಿನಲ್ಲಿ ಸಾಲಾಗಿದ್ದವು, ಆಯುಧಪೂಜೆಯ ಗಂಧ ಇನ್ನೂ ಅವುಗಳ ಮೇಲಿತ್ತು. ಒಬ್ಬ ಚುರುಕು ಹುಡುಗ ಕಪಾಟಿನ ಎದುರು ನಿಂತು ಕೇಳಿದ: “ಸರ್, ಇದು ಎಂತಕ್ಕೆ ಇರುವುದು? ಬಾಯಲ್ಲಿಟ್ಟು ಹೀರುವುದಾ?”

ನೋಣಯ್ಯ ಮಾಸ್ಟ್ರು ಆ ನಳಿಗೆಗಳನ್ನು ಸ್ವಲ್ಪ ಹೊತ್ತು ನೋಡಿದರು. ಹದಿನೆಂಟು ಪಾಯಿಂಟ್ ಆರು ಎಂದು ಅವರ ತುಟಿ ಅಲ್ಲಾಡಿದಂತಾಯಿತು. ಹುಡುಗನಿಗೆ ಅದು ಕೇಳಿಸಲಿಲ್ಲ.

“ಅದು ನೋಡ್ಲಿಕ್ಕೆ ಇರುವುದು,” ಎಂದರು. “ಬಾಯಿ ಹಾಕಿದ್ರೆ ಉತ್ತರ ತಪ್ಪು ಬರ್ತದೆ. ಹೋಗಿ ಎಲೆಯ ಮುಂದೆ ಕೂತ್ಕೊ, ಕಾಲು ತೊಳ್ಕೊಂಡು.” ಆ ಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಒಳಗೆ ಸ್ಪಷ್ಟವಾಗಿ ಕೇಳುವ ಹಾಗೆ ಪಾಠ ಆರಂಭಿಸಿದರು:

“ಭಟ್ರೇ, ಉಪ್ಪು ಬರ್ಲಿ.”